ಅಪರಿಚಿತನ ಕೈಯ ಕೋವಿ

ಹಳೆಯ ಮೇಜು, ಹಳೆಯ ಬೈಸಿಕಲ್ಲು, ಹಳೆಯ ಮೋಟಾರುಗಾಡಿ, ಇವುಗಳನ್ನು ಕೊಳ್ಳಬೇಕೆಂಬ ಗೃಹಸ್ಥನು ಈಗ ಪೇಟೆ ಅಲೆಯಬೇಕಾದುದಿಲ್ಲ. ಅಂಗೈಯಲ್ಲಿ ಹಿಡಿದ ದೂರವಾಣಿಯ ಮೇಲೆಯೇ ಮಾರುವವನೂ ಕೊಳ್ಳುವವನೂ ಸಂಧಿಸುತ್ತಾರೆ. ಒಬ್ಬರ ಮುಖವನ್ನೊಬ್ಬರು ಕಾಣುವುದಕ್ಕೆ ಮೊದಲೇ ಬೆಲೆ ಕುದುರಿಹೋಗುತ್ತದೆ. ಇದರಿಂದ ಜನಕ್ಕೆ ಅನುಕೂಲವಾಗಿದೆ, ಸಂದೇಹವಿಲ್ಲ. ಆದರೆ ಈ ಕಾಣದ ಸಂತೆಗೆ ಕೋವಿ, ಪಿಸ್ತೂಲುಗಳೂ ಬಂದು ಸೇರಿರುವುದು ವಿಚಾರಾರ್ಹವಾದ ಸಂಗತಿ. ಮೇಜಿನ ಕಾಲು ಮುರಿದಿದ್ದರೆ ಹಣ ನಷ್ಟವಾದೀತು, ಅಷ್ಟೆ. ಅಪರಿಚಿತನ ಕೈಯಿಂದ ಕೊಂಡ ಕೋವಿಯಲ್ಲಿ ದೋಷವಿದ್ದರೆ ಹಣದೊಡನೆ ಮಾನವೂ ಸ್ವಾತಂತ್ರ್ಯವೂ, ಕೆಲವೊಮ್ಮೆ ಪ್ರಾಣವೂ ಹೋದಾವು. ಆದ್ದರಿಂದ ಈ ವಿಷಯದಲ್ಲಿ ನಾಗರಿಕರ ಕರ್ತವ್ಯವೇನು, ಅಧಿಕಾರಿಗಳ ಕರ್ತವ್ಯವೇನು ಎಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ನಮ್ಮ ದೇಶದಲ್ಲಿ ಹಳೆಯ ಕೋವಿಗೆ ಇಷ್ಟು ಗಿರಾಕಿ ಏಕೆ? ಅದಕ್ಕೆ ಕಾರಣಗಳುಂಟು. 1980ರ ದಶಕದ ಮಧ್ಯಭಾಗದಿಂದ ಖಾಸಗಿ ಜನರು ವಿದೇಶದ ಬಂದೂಕುಗಳನ್ನು ತರಿಸಿಕೊಳ್ಳುವುದು ಬಹುಮಟ್ಟಿಗೆ ನಿಂತುಹೋಯಿತು. ಅದಕ್ಕೆ ಮೊದಲು ಬಂದಿದ್ದ ಇಂಗ್ಲೆಂಡು, ಜರ್ಮನಿಗಳ ಕೋವಿಗಳು ಕೈಯಿಂದ ಕೈಗೆ ಹೋಗುತ್ತ ಬೆಲೆಯೇರಿಸಿಕೊಂಡಿವೆ. ಹಿರಿಯರು ಕಾಲವಾದ ಮೇಲೆ ಅವರ ಕೋವಿಯನ್ನು ಇಟ್ಟುಕೊಳ್ಳಲು ಇಚ್ಛಿಸದ ಮಕ್ಕಳು ಅದನ್ನು ಮಾರಬಯಸುತ್ತಾರೆ. ಇದರ ಮೇಲೆ 2019ರಲ್ಲಿ ಪಾರ್ಲಿಮೆಂಟು ಆಯುಧ ಕಾಯಿದೆಯನ್ನು ತಿದ್ದಿ, ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೂರನೆಯದನ್ನು ಒಪ್ಪಿಸಬೇಕಾಗಿ ಬಂದವರಲ್ಲಿ ಯೋಗ್ಯನಾದ ಕೊಳ್ಳುವವನನ್ನು ಹುಡುಕಿದವರೂ ಇದ್ದರು. ಹೀಗಾಗಿ ಮಾರುವವರೆಲ್ಲರೂ ಕಳ್ಳರಲ್ಲ, ಕೊಳ್ಳುವವರೆಲ್ಲರೂ ದುಷ್ಟರಲ್ಲ. ಕಾಫಿತೋಟದವನು, ಕಾಡಂಚಿನ ರೈತನು, ಗುರಿಕಾರಿಕೆಯ ಅಭ್ಯಾಸವುಳ್ಳ ತರುಣನು, ಎಲ್ಲರೂ ಪ್ರಾಮಾಣಿಕವಾದ ಆವಶ್ಯಕತೆಯಿಂದಲೇ ಹಳೆಯ ಕೋವಿಯನ್ನು ಅರಸಬಹುದು. ನಮ್ಮ ಮಾತು ಇಂತಹ ಪ್ರಾಮಾಣಿಕರಿಗಾಗಿಯೇ.

ಅವರು ಮೊದಲು ಮನಗಾಣಬೇಕಾದ ಸಂಗತಿಯೊಂದಿದೆ. ಕೋವಿಯನ್ನು ಕೊಂಡವನು ಬರಿಯ ಕಬ್ಬಿಣವನ್ನೂ ಮರವನ್ನೂ ಕೊಳ್ಳುವುದಿಲ್ಲ. ಅದರ ಪೂರ್ವಚರಿತ್ರೆಯನ್ನೂ ಕೊಳ್ಳುತ್ತಾನೆ. ಪ್ರತಿಯೊಂದು ನಳಿಗೆಯೂ ತನ್ನ ಮೂಲಕ ಹಾಯ್ದ ಗುಂಡಿನ ಮೇಲೆ ತನ್ನದೇ ಗೀರುಗಳನ್ನು ಬಿಡುತ್ತದೆ. ಬಡಿಯುವ ಮೊಳೆಯು ತೋಟೆಯ ಬೆನ್ನಿನ ಮೇಲೆ ತನ್ನ ಗುರುತನ್ನೊತ್ತುತ್ತದೆ. 2015ರ ಆಗಸ್ಟಿನಲ್ಲಿ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರೂ 2017ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರೂ ತಮ್ಮ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಎರಡು ವರ್ಷಗಳ ಅಂತರದಲ್ಲಿ ನಡೆದ ಆ ಎರಡು ಹತ್ಯೆಗಳಲ್ಲಿಯೂ ಒಂದೇ ಪಿಸ್ತೂಲು ಬಳಕೆಯಾಗಿತ್ತೆಂದು ತನಿಖೆಗಾರರು ಹೇಳಿದುದು ಇಂತಹ ಗುರುತುಗಳ ಪರೀಕ್ಷೆಯ ಆಧಾರದ ಮೇಲೆಯೇ. ಇಂತಹ ಪೂರ್ವಚರಿತ್ರೆಯುಳ್ಳ ಆಯುಧವೊಂದು ಅಲ್ಪ ಬೆಲೆಗೆ ಕೈಗೆ ಬಂದಿತೆಂದು ಹಿಗ್ಗಿ ಮನೆಗೆ ತಂದ ನಿರಪರಾಧಿಯ ಗತಿಯೇನು? ‘ನಾನು ಇದನ್ನು ಯಾರೋ ಒಬ್ಬನಿಂದ ಕೊಂಡೆ, ಅವನ ಹೆಸರು ತಿಳಿಯದು, ಅವನ ದೂರವಾಣಿ ಈಗ ಬಾಯಿಬಿಡುತ್ತಿಲ್ಲ’ ಎಂಬ ಉತ್ತರವನ್ನು ಯಾವ ತನಿಖಾಧಿಕಾರಿಯು ನಂಬುವನು?

ಈ ಆಪತ್ತಿನಿಂದ ಕೊಳ್ಳುವವನನ್ನು ಕಾಪಾಡುವ ಮಾರ್ಗವನ್ನು 1959ರ ಆಯುಧ ಕಾಯಿದೆಯೇ ಹೇಳಿಕೊಟ್ಟಿದೆ. ಖಾಸಗಿ ಮನುಷ್ಯನು ತನ್ನ ಸ್ವಂತ ಉಪಯೋಗಕ್ಕಾಗಿ ನ್ಯಾಯಸಮ್ಮತವಾಗಿ ಇಟ್ಟುಕೊಂಡ ಕೋವಿಯನ್ನು ಮಾರಲೇಕೂಡದೆಂದು ಆ ಕಾಯಿದೆಯು ಹೇಳಿಲ್ಲ. ಮಾರಾಟಗಾರನ ಲೈಸೆನ್ಸಿಲ್ಲದೆಯೇ ಅವನು ಮಾರಬಹುದು. ಆದರೆ ಮೂರು ನಿಬಂಧನೆಗಳುಂಟು. ಕೊಳ್ಳುವವನು ಅಂತಹ ಕೋವಿಯನ್ನು ಇಟ್ಟುಕೊಳ್ಳಲು ಕಾಯಿದೆಯ ಮೇರೆಗೆ ಹಕ್ಕುಳ್ಳವನಾಗಿರಬೇಕು. ಮಾರುವವನು ತನ್ನ ಉದ್ದೇಶವನ್ನೂ ಕೊಳ್ಳುವವನ ಹೆಸರು, ವಿಳಾಸಗಳನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಸಮೀಪದ ಪೋಲೀಸು ಠಾಣೆಯ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ 45 ದಿನಗಳಿಗೆ ಕಡಿಮೆಯಿಲ್ಲದ ಅವಧಿಯು ಕಳೆಯಬೇಕು; ಆಮೇಲೆ ಮಾತ್ರ ಕೋವಿಯು ಕೈ ಬದಲಾಯಿಸಬಹುದು. ಬೆಂಗಳೂರಿನಂತಹ ನಗರಗಳಲ್ಲಿ ಪೋಲೀಸು ಕಮಿಷನರೂ ಉಳಿದೆಡೆ ಜಿಲ್ಲಾಧಿಕಾರಿಯೂ ಲೈಸೆನ್ಸಿನ ಅಧಿಕಾರವುಳ್ಳವರು. ಮಾರಿದವನ ಲೈಸೆನ್ಸಿನಿಂದ ಆ ಕೋವಿಯ ದಾಖಲೆಯು ತೆಗೆಯಲ್ಪಟ್ಟು ಕೊಂಡವನ ಲೈಸೆನ್ಸಿನಲ್ಲಿ ನಮೂದಾದ ಹೊರತು ವ್ಯವಹಾರವು ಮುಗಿಯಿತೆಂದು ತಿಳಿಯಕೂಡದು.

ಈ 45 ದಿನಗಳ ನಿರೀಕ್ಷಣೆಯನ್ನು ಅನೇಕರು ಕಛೇರಿಯ ಕಿರುಕುಳವೆಂದೇ ಎಣಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಕೊಳ್ಳುವವನಿಗೆ ದೊರೆತ ಕವಚ. ಆ ಅವಧಿಯಲ್ಲಿ ಮಾರುವವನು ಯಾರು, ಕೋವಿಯು ಅವನದೇ ಹೌದೇ, ಅದು ಎಲ್ಲಿಯಾದರೂ ಕಳುವಾದ ಸರಕೇ, ಯಾವುದಾದರೂ ಮೊಕದ್ದಮೆಗೆ ಸಂಬಂಧಿಸಿದುದೇ ಎಂಬ ಪ್ರಶ್ನೆಗಳು ಏಳಲು ಅವಕಾಶವುಂಟಾಗುತ್ತದೆ. ಕಳ್ಳನಿಗೆ ಬೇಡವಾದುದು ಕಾಲಾವಕಾಶವೇ. ‘ಇಂದೇ ಹಣ ಕೊಡಿರಿ, ಇಂದೇ ಒಯ್ಯಿರಿ, ಕಾಗದಪತ್ರಗಳನ್ನು ಆಮೇಲೆ ನೋಡೋಣ’ ಎನ್ನುವ ಮಾರುಗಾರನು ಬಾಯಿಯಿಂದಲೇ ತನ್ನ ಗುಟ್ಟನ್ನು ಬಿಟ್ಟುಕೊಟ್ಟಂತಾಯಿತು. ಅಲ್ಲಿಂದ ಎದ್ದು ಬರುವುದೇ ಬುದ್ಧಿವಂತಿಕೆ.

ಇಲ್ಲಿ ದೇಶಾಭಿಮಾನಿಯಾದ ವಾಚಕನು ಆಕ್ಷೇಪವೊಂದನ್ನೆತ್ತಬಹುದು. ಎತ್ತುವುದು ನ್ಯಾಯವೂ ಹೌದು. ಕೋವಿಯ ವಿಷಯದಲ್ಲಿ ಸರಕಾರದ ಅಪ್ಪಣೆ ಕೇಳಬೇಕೆಂಬುದು ಪರಕೀಯರು ನಮ್ಮ ಮೇಲೆ ಹೊರಿಸಿದ ನೊಗವಲ್ಲವೇ? 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆ ಬಂದಾಗ ಮುಧೋಳದ ಸಮೀಪದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲಾರೆವೆಂದು ನಿಂತು, ಊರನ್ನೂ ಪ್ರಾಣವನ್ನೂ ಕಳೆದುಕೊಂಡರು. 1878ರಲ್ಲಿ ಲಿಟ್ಟನ್ ಪ್ರಭುವಿನ ಆಡಳಿತವು ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಶಾಸನವನ್ನೂ ಆಯುಧ ಶಾಸನವನ್ನೂ ಒಂದೇ ವರ್ಷದಲ್ಲಿ ತಂದಿತು. ಯುರೋಪಿಯನನಿಗೆ ವಿನಾಯಿತಿ, ಭಾರತೀಯನಿಗೆ ಲೈಸೆನ್ಸು. ಇದು ಆ ಆಯುಧ ಶಾಸನದ ನೀತಿಯಾಗಿತ್ತು. 1887ರ ಮದರಾಸು ಕಾಂಗ್ರೆಸ್ಸು ಈ ಶಾಸನದ ಸಡಿಲಿಕೆಗಾಗಿ ಗೊತ್ತುವಳಿ ಮಾಡಿತು. 1931ರ ಕರಾಚಿ ಅಧಿವೇಶನವು ನಾಗರಿಕನ ಮೂಲಭೂತ ಹಕ್ಕುಗಳಲ್ಲಿ ನಿಯಮಬದ್ಧವಾಗಿ ಆಯುಧ ಧರಿಸುವ ಹಕ್ಕನ್ನೂ ಎಣಿಸಿತು. 1948ರಲ್ಲಿ ರಾಜ್ಯಾಂಗ ಸಭೆಯಲ್ಲಿ, ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು ಅದೇ ಹಕ್ಕನ್ನು ರಾಜ್ಯಾಂಗದಲ್ಲಿ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದರು. ಡಾ. ಅಂಬೇಡ್ಕರರು ಅದನ್ನೊಪ್ಪಲಿಲ್ಲ, ಸಭೆಯೂ ಸ್ವೀಕರಿಸಲಿಲ್ಲ.

ಈ ಚರಿತ್ರೆಯನ್ನು ನಾವು ಮರೆತಿಲ್ಲ, ಮರೆಯತಕ್ಕುದೂ ಅಲ್ಲ. ಆದರೆ 1878ರ ಶಾಸನಕ್ಕೂ 1959ರ ಕಾಯಿದೆಗೂ ಇರುವ ಅಂತರವನ್ನು ತಿಳಿಯಬೇಕು. ಮೊದಲನೆಯದು ಆಳುವವನನ್ನೂ ಆಳಿಸಿಕೊಳ್ಳುವವನನ್ನೂ ಬೇರ್ಪಡಿಸಿ, ಒಬ್ಬನ ಕೈಗೆ ಆಯುಧವನ್ನಿತ್ತು ಮತ್ತೊಬ್ಬನ ಕೈಯನ್ನು ಬರಿದು ಮಾಡಿತು. ಎರಡನೆಯದನ್ನು ನಮ್ಮ ಪ್ರತಿನಿಧಿಗಳೇ ರಚಿಸಿದರು. ಕರಾಚಿಯ ಗೊತ್ತುವಳಿಯೂ ‘ನಿಯಮಬದ್ಧವಾಗಿ’ ಎಂದೇ ಹೇಳಿತ್ತಲ್ಲದೆ ನಿಯಮರಹಿತವಾಗಿ ಎಂದು ಹೇಳಲಿಲ್ಲ. ಹಲಗಲಿಯ ವೀರರು ತಮ್ಮ ಆಯುಧವು ತಮ್ಮದೆಂದು ಎಲ್ಲರೆದುರಿಗೆ ಸಾರಿ ನಿಂತರು. ಇಂದು ಸುಳ್ಳು ಹೆಸರಿನಲ್ಲಿ ಅಂತರ್ಜಾಲದ ಮರೆಯಲ್ಲಿ ನಿಂತು ಪಿಸ್ತೂಲು ಮಾರುವವನನ್ನು ಅವರ ವಾರಸುದಾರನೆಂದು ಯಾರೂ ಹೇಳಲಾರರು.

ಇನ್ನು ಕೊಳ್ಳುವವನು ಮಾಡಬೇಕಾದ ಪರೀಕ್ಷೆಗಳ ಮಾತು. ಮೊದಲನೆಯದು ಮಾರುವವನ ಲೈಸೆನ್ಸು. ಅದರ ಛಾಯಾಚಿತ್ರವನ್ನು ದೂರವಾಣಿಯಲ್ಲಿ ಕಳುಹಿಸಿದ ಮಾತ್ರಕ್ಕೆ ನಂಬಿಕೆ ಬರಕೂಡದು. ಜಮ್ಮು-ಕಾಶ್ಮೀರದಲ್ಲಿ 2012ರಿಂದ 2016ರವರೆಗೆ ಅನರ್ಹರಿಗೆ 2 ಲಕ್ಷಕ್ಕೂ ಹೆಚ್ಚು ಲೈಸೆನ್ಸುಗಳು ದೊರೆತುವೆಂದು ಕೇಂದ್ರ ತನಿಖಾ ದಳವೇ ಆಪಾದಿಸಿದೆ. ಸರಕಾರದ ಮೊಹರೇ ಬಿದ್ದ ಪುಸ್ತಕದ ಗತಿ ಹೀಗಾದರೆ ಬರಿಯ ಚಿತ್ರದ ಬೆಲೆಯೆಷ್ಟು? ಈಗ ಪ್ರತಿಯೊಂದು ಲೈಸೆನ್ಸಿಗೂ ರಾಷ್ಟ್ರೀಯ ದಾಖಲೆಯಲ್ಲಿ ಒಂದು ವಿಶಿಷ್ಟ ಗುರುತಿನ ಸಂಖ್ಯೆಯಿರಬೇಕು. ಅದನ್ನು ಲೈಸೆನ್ಸು ಕೊಟ್ಟ ಕಛೇರಿಯಲ್ಲಿಯೇ ವಿಚಾರಿಸಿ, ಲೈಸೆನ್ಸಿನ ಅವಧಿಯು ಮುಗಿದಿಲ್ಲವೆಂಬುದನ್ನೂ ಮಾರುವ ಕೋವಿಯು ಅದರಲ್ಲಿಯೇ ನಮೂದಾಗಿದೆಯೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಕೋವಿಯು ಕಾಲವಾದ ಹಿರಿಯರದಾಗಿದ್ದರೆ, ಅದನ್ನು ಕಾಯಿದೆಯಂತೆ ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಠೇವಣಿಯಿಟ್ಟ ರಸೀತಿಯನ್ನು ಕೇಳಬೇಕು. ಅಜ್ಜನ ಕೋವಿಯು ಹತ್ತು ವರ್ಷ ಅಟ್ಟದ ಮೇಲೆ ಬಿದ್ದಿತ್ತೆಂಬ ಕಥೆಯು ಎಷ್ಟೇ ರಮ್ಯವಾಗಿದ್ದರೂ ಅದು ರಸೀತಿಯ ಸ್ಥಾನಕ್ಕೆ ಬರಲಾರದು.

ಎರಡನೆಯದು ಕೋವಿಯ ಮೇಲಿನ ಅಂಕಿ. ತಯಾರಿಸಿದವನ ಹೆಸರು, ಸಂಖ್ಯೆ ಅಥವಾ ಗುರುತಿಲ್ಲದ ಬಂದೂಕನ್ನು ಮಾರುವುದನ್ನು ಕಾಯಿದೆಯು ನಿಷೇಧಿಸಿದೆ. ಅಷ್ಟೇ ಅಲ್ಲ, ಗುರುತು ಅಳಿಸಿಹೋದ ಬಂದೂಕು ಯಾರ ವಶದಲ್ಲಿ ಸಿಕ್ಕಿತೋ ಅವನೇ ಅಳಿಸಿದನೆಂದು, ಅವನು ಅನ್ಯಥಾ ಸಿದ್ಧಪಡಿಸುವವರೆಗೆ, ನ್ಯಾಯಾಲಯವು ಭಾವಿಸುತ್ತದೆ. ಅಳಿಸಿದವನು ಹಣವೆಣಿಸಿಕೊಂಡು ಮಾಯವಾದನು. ಉತ್ತರ ಹೇಳುವ ಭಾರವು ಕೊಂಡವನ ತಲೆಯ ಮೇಲೆ ಬಿದ್ದಿತು! ಆದ್ದರಿಂದ ಅರದಿಂದ ಉಜ್ಜಿದ ಕಲೆ, ಮತ್ತೆ ಕೊರೆದಂತೆ ಕಾಣುವ ಅಂಕಿ, ಲೈಸೆನ್ಸಿನಲ್ಲಿರುವುದಕ್ಕೆ ಒಂದಕ್ಷರ ವ್ಯತ್ಯಾಸವಾದ ಸಂಖ್ಯೆ, ಇವುಗಳಲ್ಲಿ ಯಾವುದೊಂದು ಕಂಡರೂ ಕೋವಿಯನ್ನು ಮುಟ್ಟಲಾಗದು.

ಮೂರನೆಯದು ಕೋವಿಯ ದೇಹಸ್ಥಿತಿ. ಕೈಗೆ ತೆಗೆದುಕೊಂಡೊಡನೆ ಒಳಗೆ ತೋಟೆಯಿಲ್ಲವೆಂಬುದನ್ನು ಸ್ವತಃ ಕಣ್ಣಾರೆ ನೋಡಬೇಕು; ಮಾರುವವನ ಬಾಯಿಮಾತನ್ನು ನಂಬಬಾರದು. ನಳಿಗೆಯೊಳಗೆ ತುಕ್ಕು ತಿಂದ ಕುಳಿಗಳಿವೆಯೇ, ಹೊರಗೆ ಎಲ್ಲಿಯಾದರೂ ಉಬ್ಬಿದೆಯೇ ಅಥವಾ ತಗ್ಗಿದೆಯೇ, ಮಡಚುವ ಕೋವಿಯಾದರೆ ಮುಚ್ಚಿದ ಮೇಲೆ ಸಂದಿನಲ್ಲಿ ಅಲುಗಾಟವಿದೆಯೇ ಎಂದು ನೋಡಬೇಕು. ಇಂಗ್ಲೆಂಡಿನ ಹಳೆಯ ಜೋಡುನಳಿಗೆಗಳಲ್ಲಿ ಎರಡೂವರೆ ಅಂಗುಲದ ತೋಟೆಗೆಂದು ಕೊರೆದ ಕೋಶವಿರುವುದು ಸಾಮಾನ್ಯ. ಈಗ ಬಳಕೆಯಲ್ಲಿರುವ ಎರಡು ಮುಕ್ಕಾಲು ಅಂಗುಲದ ತೋಟೆಯು ಅದರಲ್ಲಿ ಕೂತಂತೆ ಕಂಡರೂ, ಸಿಡಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಸ್ಥಳ ಸಾಲದೆ ಒತ್ತಡವು ಅಪಾಯಕರವಾಗಿ ಏರುತ್ತದೆ. ಕಬ್ಬಿಣದ ಪಟ್ಟಿಗಳನ್ನು ಹೊಸೆದು ಮಾಡಿದ, ಮೇಲೆ ಅಲೆಯಂತೆ ರೇಖೆಗಳು ಕಾಣುವ ಡಮಾಸ್ಕಸ್ ನಳಿಗೆಗಳು ನೋಡಲು ಅತಿ ಸುಂದರ. ಅವು ಕರಿಮದ್ದಿನ ಕಾಲದವು; ಈಗಿನ ಹೊಗೆರಹಿತ ಮದ್ದಿನ ವೇಗವನ್ನು ತಾಳುವವೆಂಬ ಭರವಸೆಯಿಲ್ಲ. ಇಂತಹ ಸೂಕ್ಷ್ಮಗಳನ್ನು ಸಾಮಾನ್ಯನು ತಾನೇ ನಿರ್ಣಯಿಸಲಾರನು. ಪರಿಣತನಾದ ಕೋವಿಯ ಕಮ್ಮಾರನಿಗೆ ತೋರಿಸಿ ಅವನ ಅಭಿಪ್ರಾಯವನ್ನು ಪಡೆದ ಮೇಲೆಯೇ ಬೆಲೆಯ ಮಾತನ್ನಾಡಬೇಕು. ಕೋವಿಯೊಡನೆ ಉಚಿತವಾಗಿ ಕೊಡುವೆನೆಂದು ಚಾಚಿದ ಹಳೆಯ ತೋಟೆಗಳನ್ನು ವಿನಯದಿಂದ ನಿರಾಕರಿಸುವುದು ಲೇಸು.

ನಾಲ್ಕನೆಯದು ಸ್ಥಳ ಮತ್ತು ಹಣ. ಹೆದ್ದಾರಿಯ ಬದಿಯಲ್ಲಿ, ಹೋಟೆಲಿನ ಕೋಣೆಯಲ್ಲಿ, ಸಂಜೆಗತ್ತಲಲ್ಲಿ ಸಂಧಿಸೋಣವೆಂಬ ಕರೆಗೆ ಕಿವಿಗೊಡಬಾರದು. ಕೈಯಲ್ಲಿ ಹಣವಿಟ್ಟುಕೊಂಡು ಆಯುಧವುಳ್ಳ ಅಪರಿಚಿತನನ್ನು ಏಕಾಂತದಲ್ಲಿ ಕಾಣಲು ಹೋಗುವುದು ಸಾಹಸವಲ್ಲ, ಅವಿವೇಕ. ಲೈಸೆನ್ಸುಳ್ಳ ವ್ಯಾಪಾರಿಯ ಅಂಗಡಿಯಲ್ಲಿ ಹಗಲು ಹೊತ್ತು ಸಂಧಿಸುವುದು ಉಭಯರಿಗೂ ಕ್ಷೇಮ. ಕೋವಿಯನ್ನು ಕಾಣದೆ, ಕಾಗದವನ್ನು ಪರೀಕ್ಷಿಸದೆ ಮುಂಗಡವಾಗಿ ಒಂದು ಕಾಸನ್ನೂ ಕಳುಹಿಸಕೂಡದು. ಅಂತರ್ಜಾಲದಲ್ಲಿ ಪಿಸ್ತೂಲಿನ ಚಿತ್ರ ತೋರಿಸಿ ಮುಂಗಡ ಪಡೆದು ಮಾಯವಾಗುವ ವಂಚಕರುಂಟು. ಅವರಿಂದ ಮೋಸಹೋದವನು ದೂರು ಕೊಡಲೂ ಅಂಜುತ್ತಾನೆ. ತಾನು ಕೊಳ್ಳಹೋದುದು ಏನೆಂಬುದನ್ನು ಹೇಳಬೇಕಾಗುವುದಲ್ಲ! ವಂಚಕನ ಧೈರ್ಯಕ್ಕೆ ಇದೇ ಆಧಾರ.

ನಮ್ಮ ನಾಡಿನ ವಿಶೇಷವೊಂದನ್ನು ಇಲ್ಲಿ ಹೇಳದಿದ್ದರೆ ವಿಷಯವು ಅಪೂರ್ಣವಾದೀತು. ಕೊಡಗಿನಲ್ಲಿ ಕೋವಿಯು ಮನೆತನದ ಸಂಗಾತಿ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಹುತ್ತರಿಯ ಕದಿರು ಕೊಯ್ಯುವಾಗ ಅದು ಸದ್ದು ಮಾಡುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ದೊರೆತಿರುವ ವಿನಾಯಿತಿಯು ಬ್ರಿಟಿಷರ ಕಾಲದಿಂದ ಬಂದುದು. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಇದನ್ನು ಕೇಳಿದ ಬಯಲುಸೀಮೆಯ ಕೆಲವರು ಕೊಡಗಿನ ಕೋವಿಗೆ ಲೈಸೆನ್ಸು ಬೇಡವೆಂದು ತಪ್ಪು ತಿಳಿಯುವುದುಂಟು. ವಿನಾಯಿತಿಯು ಮನುಷ್ಯನಿಗೆ, ಕೋವಿಗಲ್ಲ. ವಿನಾಯಿತಿಯುಳ್ಳವನ ಕೈಯಿಂದ ಇಲ್ಲದವನ ಕೈಗೆ ಬಂದ ಕ್ಷಣದಿಂದ ಅದಕ್ಕೆ ಕಾಯಿದೆಯ ಸಕಲ ನಿಬಂಧನೆಗಳೂ ಅನ್ವಯಿಸುತ್ತವೆ. ಕೊಡಗಿನವರ ಗೌರವದ ಹಕ್ಕನ್ನು ಕಳ್ಳವ್ಯಾಪಾರದ ಕಿಂಡಿಯನ್ನಾಗಿ ಮಾಡುವವನು ಅವರಿಗೂ ದ್ರೋಹ ಬಗೆದಂತೆಯೇ.

ಕಾಯಿದೆಯು ಸಡಿಲವಾದಲ್ಲಿ ಏನಾಗುವುದೆಂಬುದಕ್ಕೆ ಅಮೇರಿಕೆಯನ್ನು ನೋಡಬಹುದು. ಅಲ್ಲಿ 1993ರ ಬ್ರೇಡಿ ಶಾಸನದ ಪ್ರಕಾರ ಲೈಸೆನ್ಸುಳ್ಳ ವ್ಯಾಪಾರಿಯು ಕೊಳ್ಳುವವನ ಪೂರ್ವಚರಿತ್ರೆಯನ್ನು ವಿಚಾರಿಸಲೇಬೇಕು. 1998ರಿಂದ ಅದಕ್ಕಾಗಿ ರಾಷ್ಟ್ರೀಯ ವ್ಯವಸ್ಥೆಯೂ ಇದೆ. ಆದರೆ ವ್ಯಾಪಾರಿಯಲ್ಲದ ಖಾಸಗಿಯವನು ತನ್ನ ರಾಜ್ಯದ ಮತ್ತೊಬ್ಬನಿಗೆ ಮಾರುವಾಗ ಒಕ್ಕೂಟದ ಶಾಸನವು ಇಂತಹ ವಿಚಾರಣೆಯನ್ನು ಕಡ್ಡಾಯ ಮಾಡಿಲ್ಲ. 2014ರಲ್ಲಿ ಈ ವಿಚಾರಣೆಯಲ್ಲಿ ಅನರ್ಹನೆಂದು ತಿರಸ್ಕೃತನಾದವನೊಬ್ಬನು ಆಮೇಲೆ ಖಾಸಗಿಯವನಿಂದ ಬಂದೂಕು ಕೊಂಡನು. 2019ರಲ್ಲಿ ಟೆಕ್ಸಾಸಿನ ಮಿಡ್‌ಲ್ಯಾಂಡ್, ಒಡೆಸ್ಸಾ ಊರುಗಳಲ್ಲಿ ಅದರಿಂದ ಏಳು ಮಂದಿಯನ್ನು ಕೊಂದನು. ಕ್ಯಾಲಿಫೋರ್ನಿಯದಂತಹ ರಾಜ್ಯಗಳು ಖಾಸಗಿ ಮಾರಾಟವೂ ಲೈಸೆನ್ಸುಳ್ಳ ವ್ಯಾಪಾರಿಯ ಮೂಲಕವೇ ನಡೆಯಬೇಕೆಂದು ವಿಧಿಸಿವೆ. ಕಡ್ಡಾಯವಿಲ್ಲದ ರಾಜ್ಯಗಳಲ್ಲಿಯೂ ವಿವೇಕಿಗಳು ತಾವಾಗಿಯೇ ಹಾಗೆ ಮಾಡುತ್ತಾರೆ. ಆ ದೇಶದಲ್ಲಿ ಉದ್ಯೋಗಕ್ಕಾಗಿ ಹೋಗಿ ನೆಲೆಸಿರುವ ನಮ್ಮ ಕನ್ನಡಿಗರೂ ಒಂದು ಮಾತನ್ನು ತಿಳಿದಿರಬೇಕು: ತಾತ್ಕಾಲಿಕ ಉದ್ಯೋಗದ ವೀಸಾದ ಮೇಲೆ ಇರುವವನು, ಬೇಟೆಯ ಪರವಾನಿಗೆಯಂತಹ ಕೆಲವು ಅಪವಾದಗಳ ಹೊರತು, ಅಲ್ಲಿ ಬಂದೂಕನ್ನು ವಶದಲ್ಲಿಟ್ಟುಕೊಳ್ಳುವುದೇ ಅಪರಾಧ. ನೆರೆಯವನು ಸುಲಭವಾಗಿ ಕೊಂಡನೆಂದು ತಾನೂ ಕೊಂಡರೆ ನೌಕರಿಯೊಡನೆ ದೇಶವನ್ನೂ ಬಿಡಬೇಕಾದೀತು.

ಕೊನೆಗೆ ಅಧಿಕಾರಿವರ್ಗಕ್ಕೆ ನಮ್ಮದೊಂದು ಬಿನ್ನಹ. ಕಾಯಿದೆಯು 45 ದಿನಗಳೆಂದು ಹೇಳಿದಲ್ಲಿ ಕಾಗದವು ಮೇಜಿನಿಂದ ಮೇಜಿಗೆ ತಿಂಗಳುಗಟ್ಟಲೆ ತೆವಳುವುದಾದರೆ, ಪ್ರಾಮಾಣಿಕನ ತಾಳ್ಮೆ ಕೆಡುತ್ತದೆ. ಅವನನ್ನು ಅಡ್ಡದಾರಿಗೆ ಎಳೆಯಲು ಕಾದಿರುವವನಿಗೆ ಅದೇ ಬಂಡವಾಳವಾಗುತ್ತದೆ. ಅಕ್ರಮವಾಗಿ ಆಯುಧ ಮಾರುವವನಿಗೆ 2019ರ ತಿದ್ದುಪಡಿಯು ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಯಿಂದ ಜೀವಾವಧಿಯವರೆಗೆ ಶಿಕ್ಷೆಯನ್ನು ವಿಧಿಸಿದೆ. ಇಷ್ಟು ಕಠಿಣವಾದ ದಂಡವನ್ನು ಕೈಯಲ್ಲಿ ಹಿಡಿದ ಸರಕಾರವು, ಸಕ್ರಮವಾದ ದಾರಿಯಲ್ಲಿ ನಡೆಯುವವನಿಗೆ ಆ ದಾರಿಯನ್ನು ಸುಗಮ ಮಾಡಿಕೊಡುವ ಹೊಣೆಯನ್ನೂ ಹೊರಬೇಕು. ಮಾರಾಟದ ತಿಳಿವಳಿಕೆ ಕೊಟ್ಟವನಿಗೆ ಅದೇ ದಿನ ರಸೀತಿ ದೊರೆಯಲಿ. ಕಳುವಾದ ಕೋವಿಗಳ ಸಂಖ್ಯೆಯನ್ನು ಕೊಳ್ಳುವವನು ವಿಚಾರಿಸಿದರೆ ಠಾಣೆಯಲ್ಲಿ ಅವನನ್ನೇ ಅಪರಾಧಿಯಂತೆ ನೋಡದೆ ಉತ್ತರ ಕೊಡಲಿ. ಅವಧಿಯು ಕಳೆದೊಡನೆ ದಾಖಲೆಯ ಬದಲಾವಣೆಯೂ ವಿಳಂಬವಿಲ್ಲದೆ ನಡೆಯಲಿ.

ನಾಗರಿಕನಾದರೋ ಒಂದು ನಿಯಮವನ್ನು ಮನದಲ್ಲಿಟ್ಟರೆ ಸಾಕು. ತನ್ನ ಹೆಸರನ್ನೂ ಕೋವಿಯ ಸಂಖ್ಯೆಯನ್ನೂ ಸರಕಾರಕ್ಕೆ ಬರೆದು ತಿಳಿಸಲು ಒಪ್ಪದವನಿಂದ ಕೋವಿಯನ್ನು ಕೊಳ್ಳಕೂಡದು, ಅದರ ಬೆಲೆ ಎಷ್ಟೇ ಅಲ್ಪವಾಗಿರಲಿ. ಅಂತಹವನ ಕರೆಯು ದೂರವಾಣಿಯ ಮೇಲೆ ಬಂದರೆ ಸುಮ್ಮನಿರದೆ ಸಮೀಪದ ಠಾಣೆಗೆ ತಿಳಿಸುವುದೂ ನಾಗರಿಕನ ಧರ್ಮವೇ. ಆ ಕೋವಿಯು ನಾಳೆ ಯಾರ ಮನೆಯ ಬಾಗಿಲಿಗೆ ಹೋಗುವುದೆಂದು ಯಾರು ಬಲ್ಲರು?